ಇನ್ಸುಲಿನ್ ಸೀಸೆಯನ್ನು ಕುಲುಕಬೇಡಿ ಎನ್ನುವುದೇಕೆ?

ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಇನ್ಸುಲಿನ್ ಬಗೆಗಿನ ಕಟ್ಟಳೆಗಳು ಎಲ್ಲರಿಗೂ ಬಾಯಿಪಾಠ. ಫ್ರಿಜ್‌ನಲ್ಲಿಡಿ, ಐಸ್ ಕಟ್ಟುವ ಜಾಗದಲ್ಲಿಡಬೇಡಿ, ಬಿಸಿಲು ತಾಗಿಸಬೇಡಿ, ಜೋರಾಗಿ ಕುಲುಕಬೇಡಿ. ಏಕೆ ಎಂದು ಕೇಳಿದರೆ ‘ಕೆಟ್ಟುಹೋಗುತ್ತದೆ’ ಎಂಬಷ್ಟೇ ಉತ್ತರ. ಹಾಲು ಕೆಟ್ಟರೆ ವಾಸನೆಯಾದರೂ ಬರುತ್ತದೆ. ಇನ್ಸುಲಿನ್ ಕೆಟ್ಟರೆ ವಾಸನೆಯಿಲ್ಲ, ಎಷ್ಟೋ ಸಲ ನೋಟವೂ ಬದಲಾಗುವುದಿಲ್ಲ. ಕಾರಣ ತಿಳಿಸದ ಕಟ್ಟಳೆಯನ್ನು ಜನ ಬಹಳ ದಿನ ಪಾಲಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣವಾದರೋ ಸ್ವಾರಸ್ಯಕರವಾಗಿದೆ.

ಇನ್ಸುಲಿನ್ ಒಂದು ಪ್ರೋಟೀನು. 51 ಅಮೈನೋ ಆಮ್ಲಗಳ ಎರಡು ಎಳೆಗಳು ಮಡಿಚಿಕೊಂಡು ಆದ ಪುಟ್ಟ ಗಂಟು. ಅದರ ರೂಪವನ್ನು ಎಕ್ಸ್-ರೇ ಕಿರಣಗಳ ನೆರವಿನಿಂದ 1969ರಲ್ಲಿ ಕಂಡುಕೊಟ್ಟವರು ಇಂಗ್ಲೆಂಡಿನ ಡೊರೊತಿ ಹಾಡ್ಜ್‌ಕಿನ್ ಮತ್ತು ಸಂಗಡಿಗರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಸರು ಮಾಡಿದ ಎಂ. ವಿಜಯನ್ ಆ ತಂಡದಲ್ಲಿದ್ದರು. ಆದರೆ ಆ ಚಿತ್ರ ಹರಳಿನೊಳಗೆ ಅಲುಗಾಡದೆ ಜೋಡಣೆಯಾಗಿದ್ದ ಇನ್ಸುಲಿನ್‌ನದು. ಮದುವೆ ಮನೆಯ ಗುಂಪು ಫೋಟೋ ಇದ್ದ ಹಾಗೆ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ, ಯಾರು ಹೇಗೆ ನಡೆದಾಡುತ್ತಾರೆ ಎಂಬುದು ಗೊತ್ತಾಗುವುದಿಲ್ಲ.

ನಡಿಗೆಯನ್ನು ನೋಡಲು ಬೇರೆ ವಿಧಾನ ಬೇಕು. ಅದೇ ಎನ್‌ಎಂಆರ್, ಅಂದರೆ ಕಾಂತೀಯ ಅನುರಣನ. ಎಂಆರ್‌ಐ ಸ್ಕ್ಯಾನಿಂಗ್‌ನ ಮೂಲ ತತ್ವವೂ ಇದೇ. (ಪೂರ್ಣ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಪದವಿದ್ದರೂ ವಿಕಿರಣದ ಭಯ ಬೇಡ.) ನೀರಿನಲ್ಲಿ ಕರಗಿದ ಪ್ರೋಟೀನನ್ನು ಪ್ರಬಲ ಅಯಸ್ಕಾಂತದ ನಡುವೆ ಇಟ್ಟು ರೇಡಿಯೋ ಅಲೆಗಳನ್ನು ಹಾಯಿಸಿದರೆ, ಜಲಜನಕದಂಥ ಪರಮಾಣುಗಳ ಬೀಜಗಳು ಒಂದೊಂದೂ ತನ್ನ ನೆರೆಹೊರೆಗೆ ತಕ್ಕ ಸ್ವರದಲ್ಲಿ ಉತ್ತರಿಸುತ್ತವೆ. ಪ್ರೋಟೀನಿನ ಆ ಭಾಗ ಅತ್ತಿತ್ತ ಓಲಾಡುತ್ತಿದ್ದರೆ ಸ್ವರದ ಸ್ವರೂಪ ಬದಲಾಗುತ್ತದೆ. ಯಾವ ಭಾಗ ಬಿಗಿ, ಯಾವುದು ಸಡಿಲ ಎಂದು ಹಾಗೆ ಲೆಕ್ಕ ಹಾಕುತ್ತಾರೆ. ಪ್ರೋಟೀನುಗಳ ಅಧ್ಯಯನಕ್ಕೆ ಇದನ್ನು ಹದಗೊಳಿಸಿದ ಸ್ವಿಟ್ಜರ್ಲೆಂಡಿನ ಕರ್ಟ್ ವ್ಯೂತ್ರಿಕ್ ಅವರಿಗೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಪಾಲು ಬಂತು.

ಇನ್ಸುಲಿನ್ ವಿಷಯದಲ್ಲಿ 1991ರಲ್ಲಿ ಒಂದು ಅಚ್ಚರಿ ಕಾದಿತ್ತು. ಒಂದು ಅಮೈನೋ ಆಮ್ಲವನ್ನು ಬದಲಿಸಿದ ಇನ್ಸುಲಿನ್‌ನಲ್ಲಿ ಬಾಲದಂಥ ತುದಿ ಬಿಚ್ಚಿಕೊಂಡಿರುವುದು ಎನ್‌ಎಂಆರ್‌ನಲ್ಲಿ ಕಂಡಿತು. ಆದರೂ ಅದು ಜೀವಕೋಶದ ಗ್ರಾಹಕಕ್ಕೆ ಚೆನ್ನಾಗಿಯೇ ಅಂಟಿಕೊಳ್ಳುತ್ತಿತ್ತು! ಹಾಗಾದರೆ ನಮ್ಮ ಮೈಯ ಇನ್ಸುಲಿನ್ ಕೂಡ ಕೆಲಸದ ಹೊತ್ತಿನಲ್ಲಿ ಬಾಲ ಬಿಚ್ಚುತ್ತಿರಬೇಕೆಂದು ಸಂಶೋಧಕರು ತರ್ಕಿಸಿದರು. 2013 ಮತ್ತು 2014ರಲ್ಲಿ, ಗ್ರಾಹಕದ ಜೊತೆ ಕೂಡಿಕೊಂಡ ಇನ್ಸುಲಿನ್‌ನ ಚಿತ್ರಗಳು ದೊರೆತಾಗ ಅದು ನಿಜವಾಯಿತು. ಪಠ್ಯಪುಸ್ತಕಗಳಲ್ಲಿ ಬೀಗ ಮತ್ತು ಕೀಲಿಕೈ ಚಿತ್ರ ಬರೆದು ಮುಗಿಸುತ್ತಾರಲ್ಲ, ಇಲ್ಲಿ ಕೀಲಿಕೈಯೇ ಬಾಗುತ್ತದೆ.

ಬಾಗುವ ಈ ಗುಣವೇ ಅದರ ದೌರ್ಬಲ್ಯ ಕೂಡ. ಸೀಸೆಯಲ್ಲಿ ಸಾಮಾನ್ಯವಾಗಿ ಆರಾರು ಇನ್ಸುಲಿನ್‌ಗಳು ಸತುವಿನ ಸುತ್ತ ಗುಂಪುಗೂಡಿ ಭದ್ರವಾಗಿರುತ್ತವೆ. ಬಿಸಿ ಹೆಚ್ಚಾದರೆ, ಅತಿಯಾಗಿ ಕುಲುಕಿದರೆ ಗುಂಪು ಒಡೆದು, ಒಂಟಿಯಾದವು ಸಡಿಲಗೊಂಡು, ಒಂದಕ್ಕೊಂದು ಹೆಣೆದು ನಾರಾಗುತ್ತವೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ, ಈ ನಾರು ಫ್ರಿಜ್‌ನಲ್ಲಿಟ್ಟರೂ ಮತ್ತೆ ಇನ್ಸುಲಿನ್ ಆಗುವುದಿಲ್ಲ.

ಅಪಾಯವಿರುವುದು ಮುಂದೆ. ಸತ್ವ ಕಳೆದುಕೊಂಡ ಸೀಸೆಯಿಂದ ಚುಚ್ಚಿಕೊಂಡಾಗ ಸಕ್ಕರೆ ಏರುತ್ತದೆ, ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ತಿಂಗಳು ಕಳೆದು ಹೊಸ ಸೀಸೆ ಒಡೆದಾಗ ಅದೇ ಪ್ರಮಾಣಕ್ಕೆ ಸಕ್ಕರೆ ಕುಸಿದು ರೋಗಿ ಬೆವತು ಬೀಳುತ್ತಾನೆ. ಆದ್ದರಿಂದ ಸಕ್ಕರೆ ಹಠಾತ್ತನೆ ಹತೋಟಿ ತಪ್ಪಿದರೆ ವೈದ್ಯರ ಬಳಿಗೆ ಹೋಗುವಾಗ ಸೀಸೆಯನ್ನೂ ಒಯ್ಯಿರಿ. ವೈದ್ಯರೂ ಊಟದ ಬಗ್ಗೆ ಗದರಿಸುವ ಮುನ್ನ ಸೀಸೆ ಎಲ್ಲಿತ್ತೆಂದು ವಿಚಾರಿಸುವುದು ಲೇಸು.

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಎಸೆಯಿರಿ. ಸ್ವಭಾವತಃ ಹಾಲಿನಂತಿರುವ ಮಿಶ್ರ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ಆಮೇಲೂ ಗರಣೆಗಳು ಉಳಿದಿದ್ದರೆ ಅದೂ ಬೇಡ. ಹೆಪ್ಪುಗಟ್ಟಿ ಕರಗಿದ್ದನ್ನು ಬಳಸಲೇಬೇಡಿ. ಒಡೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಳಕೆಯಲ್ಲಿರುವುದು ಹೊರಗೆ ಎಷ್ಟು ದಿನ ಇರಬಹುದೆಂಬುದು ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ. ಹಲವಕ್ಕೆ 28 ದಿನ. ಫ್ರಿಜ್ ಇಲ್ಲದ ಮನೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ಸೀಸೆ ಒದ್ದೆಯಾಗದಂತೆ ಚಿಕ್ಕ ಡಬ್ಬಿಯಲ್ಲಿ ಹಾಕಿ, ನೆರಳಿನಲ್ಲಿ ಇಡಬಹುದು.