ಬೀರುವಿನಲ್ಲಿರುವ ಪೂರ್ವಜರು

ಡಿಸೆಂಬರ್ ಸಮೀಪಿಸಿತೆಂದರೆ ಕರಾವಳಿಯ ಧರ್ಮಕೇಂದ್ರಗಳ ಕಚೇರಿಗಳಿಗೆ ಒಂದು ವಿಶೇಷ ಬಗೆಯ ಅತಿಥಿಗಳು ಬರತೊಡಗುತ್ತಾರೆ. ಕೊಲ್ಲಿ ರಾಷ್ಟ್ರಗಳಿಂದಲೋ ಕೆನಡಾದಿಂದಲೋ ಮುಂಬಯಿಯಿಂದಲೋ ರಜೆಗೆಂದು ಊರಿಗೆ ಬಂದ ಇವರಿಗೆ ಬೇಕಾದುದು ಪ್ರಮಾಣಪತ್ರವಲ್ಲ, ಮುತ್ತಜ್ಜನ ಹೆಸರು. ಅಪರಾಹ್ನವೊಂದರಲ್ಲಿ ಏಳು ತಲೆಮಾರು ದೊರೆತೀತೆಂಬುದು ಅವರ ಎಣಿಕೆ. ದೊರೆಯದಿದ್ದಾಗ ಬೇಸರಪಡುತ್ತಾರೆ, ಅರೆಬರೆ ದೊರೆತಾಗ ಉಳಿದುದನ್ನು ಊಹೆಯಿಂದ ತುಂಬಿಕೊಂಡು ಹೋಗುತ್ತಾರೆ. ಎರಡನೆಯದೇ ಹೆಚ್ಚು ಅಪಾಯಕರವೆಂದು ನಾವು ಭಾವಿಸುತ್ತೇವೆ.

ವಂಶಶೋಧನೆಯೂ ಕಲಿಯಬೇಕಾದ ಒಂದು ವಿದ್ಯೆಯೆಂಬುದನ್ನು ಅಮೆರಿಕದವರು ಬಹು ಹಿಂದೆಯೇ ಮನಗಂಡರು. ಅಲಬಾಮಾ ರಾಜ್ಯದ ಸ್ಯಾಮ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1964ರಲ್ಲಿ ಇದಕ್ಕೆಂದೇ ಒಂದು ಶಿಕ್ಷಣ ಶಿಬಿರ ಆರಂಭವಾಯಿತು. ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದ ಶಿಬಿರ 1996ರಲ್ಲಿ ಮೊದಲಾಯಿತು. ಒಂದು ಪೂರ್ಣ ವಾರ ಒಬ್ಬ ವಿದ್ಯಾರ್ಥಿಗೆ ಒಂದೇ ವಿಷಯ: ಭೂದಾಖಲೆಗಳನ್ನು ಆಯ್ದುಕೊಂಡವನು ವಾರವಿಡೀ ಭೂದಾಖಲೆಗಳನ್ನೇ ಓದುತ್ತಾನೆ, ಹಳೆಯ ಲಿಪಿಯನ್ನು ಆಯ್ದುಕೊಂಡವನು ಲಿಪಿಯನ್ನೇ. ಅಲ್ಲಿಗೆ ಹೋಗುವವರಲ್ಲಿ ಹಲವರು ನಿವೃತ್ತ ಅಧ್ಯಾಪಕರು, ಗ್ರಂಥಪಾಲಕರು, ಗೃಹಿಣಿಯರು. ಸ್ವಂತ ಹಣ ತೆತ್ತು ಶಾಲಾಮಕ್ಕಳಂತೆ ಬೆಂಚಿನ ಮೇಲೆ ಕುಳಿತುಕೊಳ್ಳುವವರು.

ಅಲ್ಲಿ ಕಲಿಸುವ ಸಂಗತಿಗಳಲ್ಲಿ ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ಹಿತವಾಗುವ ಅಂಶವೊಂದಿದೆ. ದಾಖಲೆ ಮೂಲದ್ದೋ ನಕಲೋ ಎಂಬುದು ಮೊದಲ ಪ್ರಶ್ನೆ. ಅದರೊಳಗಿನ ಮಾಹಿತಿಯನ್ನು ಕೊಟ್ಟವನು ಕಂಡು ಹೇಳಿದನೋ ಕೇಳಿ ಹೇಳಿದನೋ ಎಂಬುದು ಎರಡನೆಯದು. ಅದು ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತದೆಯೋ ಬಳಸಿ ಉತ್ತರಿಸುತ್ತದೆಯೋ ಎಂಬುದು ಮೂರನೆಯದು. ಒಂದು ಮರಣ ದಾಖಲೆಯಲ್ಲಿ ಮೃತನ ವಯಸ್ಸು 80 ಎಂದಿದೆಯೆನ್ನೋಣ. ಮರಣದ ದಿನಾಂಕಕ್ಕೆ ಆ ಪುಟವೇ ಉತ್ತಮ ಸಾಕ್ಷಿ. ಆದರೆ ವಯಸ್ಸನ್ನು ಹೇಳಿದವನು ಬಹುಶಃ ಮೊಮ್ಮಗ. ಅವನು ಅಜ್ಜನ ಜನನವನ್ನು ಕಂಡವನಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಬರೆಯಲಾದ ದೀಕ್ಷಾಸ್ನಾನದ ದಾಖಲೆ 73 ಎಂದು ತೋರಿಸಿದರೆ ನಾವು ಅದನ್ನೇ ನಂಬಬೇಕು. ಒಂದೇ ಪುಟದ ಒಂದು ಸಾಲು ಪ್ರಬಲ, ಮುಂದಿನ ಸಾಲು ದುರ್ಬಲ! ವಂಶಶೋಧಕನಿಗೆ ಗಣಿತದ ನಿಶ್ಚಿತತೆ ಎಂದಿಗೂ ದೊರೆಯದು; ಅವನು ಅರಸಬೇಕಾದುದು ನಮ್ಮ ಹಳೆಯ ದಾರ್ಶನಿಕರು ನೈತಿಕ ನಿಶ್ಚಿತತೆ ಎಂದು ಕರೆದ ಅದೇ ಸಾಧಾರಣ ವಸ್ತುವನ್ನು.

ಈ ದಾಖಲೆಗಳು ಹುಟ್ಟಿದ್ದಾದರೂ ಪೂರ್ವಜರ ಸ್ಮರಣೆಗಾಗಿ ಅಲ್ಲ. ವಿವಾಹದ ದಾಖಲೆಯನ್ನು ಇಡಬೇಕೆಂದೂ, ದೀಕ್ಷಾಸ್ನಾನದಲ್ಲಿ ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನು ಬರೆದಿಡಬೇಕೆಂದೂ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿದ್ದು ಯಾರು ಯಾರನ್ನು ಮದುವೆಯಾಗಕೂಡದೆಂಬುದನ್ನು ತಿಳಿಯಲು. ಜ್ಞಾನಸಂಬಂಧವೂ ಅಂದು ವಿವಾಹಕ್ಕೆ ಅಡ್ಡಿಯಾಗಿತ್ತು. 1983ರ ಧರ್ಮಸಭಾ ಸಂಹಿತೆ ಅದನ್ನು ಕೈಬಿಟ್ಟಿದೆ. ರಕ್ತಸಂಬಂಧದ ವಿನಾಯಿತಿಗಾಗಿ ಅರ್ಜಿ ಬಂದಾಗಲೆಲ್ಲ ಧರ್ಮಗುರುಗಳು ಎರಡು ಮನೆಗಳ ತಲೆಮಾರುಗಳನ್ನು ಎಣಿಸಿ ವೃಕ್ಷವನ್ನು ಬರೆಯಬೇಕಾಗಿತ್ತು. ಅಂದರೆ ಹಳ್ಳಿಯ ಗುರುಗಳೇ ಅನೇಕ ಶತಮಾನ ನಮ್ಮ ವಂಶಶೋಧಕರಾಗಿದ್ದರು.

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಶೋಧನೆಗೆ ಎರಡು ದೊಡ್ಡ ತೊಡಕುಗಳಿವೆ. ಮೊದಲನೆಯದು ಎಲ್ಲರಿಗೂ ತಿಳಿದುದೇ. 1784ರ ವಿಭೂತಿ ಬುಧವಾರದಂದು ಆರಂಭವಾದ ಸೆರೆ, ಶ್ರೀರಂಗಪಟ್ಟಣದ ಪಯಣ, ನೆಲಸಮವಾದ ದೇವಾಲಯಗಳು, 1799ರ ಬಳಿಕ ಅಳಿದುಳಿದವರ ಮರಳುವಿಕೆ. ಹೆಚ್ಚಿನ ಮನೆತನಗಳ ದಾಖಲೆಯ ಸಾಲು ಅಲ್ಲಿಗೇ ಕಡಿದುಹೋಗುತ್ತದೆ. ಸೆರೆಯಾದವರೆಷ್ಟು ಮಂದಿ ಎಂಬುದರಲ್ಲಿಯೇ ಒಮ್ಮತವಿಲ್ಲ. 30,000 ಎಂದವರಿದ್ದಾರೆ, 60,000 ಎಂದವರೂ ಇದ್ದಾರೆ. ಹೀಗಿರುವಾಗ ತಮ್ಮ ಮನೆಯ ಹಿರಿಯನು ಯಾವ ದಾರಿಯಲ್ಲಿ ತಪ್ಪಿಸಿಕೊಂಡು ಬಂದನೆಂಬ ಕಥೆಯನ್ನು ದಿನಾಂಕ ಸಹಿತ ಹೇಳುವವರನ್ನು ಕಂಡಾಗ ನಾವು ಮೌನವಾಗಿ ತಲೆದೂಗುತ್ತೇವಷ್ಟೆ.

ಎರಡನೆಯದು ಹೆಸರುಗಳದು. ಲತೀನಿನಲ್ಲಿ ಇಯೋವಾನ್ನೆಸ್, ಪೋರ್ಚುಗೀಸಿನಲ್ಲಿ ಜೊವಾಂವ್, ಮನೆಯಲ್ಲಿ ಜುವಾಂವ್, ಶಾಲೆಯಲ್ಲಿ ಜಾನ್: ನಾಲ್ವರೂ ಒಬ್ಬನೇ. ಇದಕ್ಕೆ ವ್ಯತಿರಿಕ್ತವಾಗಿ ಒಂದೇ ಪುಟದಲ್ಲಿರುವ ಮೂವರು ಸೆಬಾಸ್ಟಿಯನ್ ಡಿಸೋಜರು ಮೂರು ಮನೆಯವರು. ಡಿಸೋಜ, ಪಿಂಟೊ, ಲೋಬೊ ಮುಂತಾದ ಉಪನಾಮಗಳು ಮತಾಂತರದ ಕಾಲದಲ್ಲಿ ಬಂದವು; ದೀಕ್ಷೆಯಿತ್ತ ಗುರುಗಳದೋ ಜ್ಞಾನತಂದೆಯದೋ ಹೆಸರನ್ನು ಪಡೆದವರೂ ಇದ್ದರು. ಉಪನಾಮ ಒಂದಾದರೆ ರಕ್ತವೂ ಒಂದೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಇಲ್ಲಿಯೇ ನಾವು ಕಹಿಯಾದ ಮಾತೊಂದನ್ನು ಆಡಬೇಕಾಗಿದೆ. ವಂಶಾವಳಿಯನ್ನು ಅರಸಿ ಬರುವವರಲ್ಲಿ ಕೆಲವರು ಅರಸುವುದು ಪೂರ್ವಜರನ್ನಲ್ಲ, ಜಾತಿಯನ್ನು. ತಮ್ಮ ಮೂಲಪುರುಷನು ಪ್ರಭುವೋ ಶೆಣೈಯೋ ಆಗಿದ್ದನೆಂಬ ಒಂದು ಸಾಲು ದೊರೆತರೆ ಅವರ ಶೋಧನೆ ಮುಗಿಯುತ್ತದೆ. ಮದುವೆಯ ಮಾತುಕತೆಗೆ ಅಷ್ಟು ಸಾಕು. ಸಂತ ಮತ್ತಾಯನ ಶುಭಸಂದೇಶದ ಮೊದಲ ಪುಟವನ್ನು ಅವರು ಓದಿದ್ದಾರೆಯೇ? ಆ ವಂಶಾವಳಿಯಲ್ಲಿ ಮಾವನನ್ನು ವಂಚಿಸಿ ಮಕ್ಕಳನ್ನು ಪಡೆದ ತಾಮಾರಳಿದ್ದಾಳೆ, ಜೆರಿಕೋವಿನ ವೇಶ್ಯೆ ರಾಹಾಬಳಿದ್ದಾಳೆ, ಅನ್ಯದೇಶದ ರೂತಳಿದ್ದಾಳೆ, ಊರೀಯನ ಪತ್ನಿಯಿದ್ದಾಳೆ. ಸಂತ ಪೌಲನ ಹೆಸರಿನ ಪತ್ರಗಳೂ ವಂಶಾವಳಿಗಳ ಬಗೆಗಿನ ವ್ಯರ್ಥ ವಾಗ್ವಾದದಿಂದ ದೂರವಿರಲು ತಿಮೊಥೆಯನಿಗೂ ತೀತನಿಗೂ ಬುದ್ಧಿ ಹೇಳುತ್ತವೆ.

ಇದಕ್ಕಿಂತಲೂ ಸೂಕ್ಷ್ಮವಾದುದು ತಂದೆಯ ಹೆಸರಿಲ್ಲದ ಪುಟಗಳ ಪ್ರಶ್ನೆ. ಅವಿವಾಹಿತೆಯ ಮಗುವಿನ ದಾಖಲೆಯಲ್ಲಿ ಯಾರ ಹೆಸರನ್ನು ಯಾವ ಆಧಾರದಿಂದ ಬರೆಯಬೇಕೆಂದು ಸಂಹಿತೆಯ 877ನೆಯ ವಿಧಿ ಬಹು ಎಚ್ಚರದಿಂದ ಹೇಳುತ್ತದೆ. ಹಳೆಯ ಕಾಲದ ಲೇಖನಿಗಳಲ್ಲಿ ಅಷ್ಟು ಕರುಣೆ ಇರಲಿಲ್ಲ. ನೂರು ವರ್ಷಗಳ ಹಿಂದಿನ ಅಂತಹ ಸಾಲೊಂದು ಇಂದಿನ ಮೊಮ್ಮಕ್ಕಳ ಕೈಗೆ ಸಿಕ್ಕಿದಾಗ ಏನಾಗಬೇಕು? ಮುಚ್ಚಿಡುವುದು ಸುಳ್ಳಿಗೆ ಸಮೀಪ, ಬೀದಿಗೆ ತರುವುದು ಕ್ರೌರ್ಯಕ್ಕೆ ಸಮೀಪ. ಬದುಕಿರುವವರ ಮಾನಕ್ಕೆ ಸಂಬಂಧಿಸಿದ ಪುಟಗಳನ್ನು ಸಾರ್ವಜನಿಕರಿಗೆ ತೆರೆಯಕೂಡದು. ಬಹುಕಾಲ ಸಂದುದನ್ನು ಆ ಮನೆಯವರಿಗೇ, ಗುರುಗಳ ಸಮ್ಮುಖದಲ್ಲಿ ತೋರಿಸಬೇಕು. ಆ ತಾಯಿಯೂ ಒಬ್ಬ ಪೂರ್ವಜಳೇ ಎಂಬ ಮಾತನ್ನು ಆಗ ಹೇಳಲು ಅವಕಾಶವಿರುತ್ತದೆ.

ಯೂಟಾದ ವಂಶಾವಳಿ ಸಂಸ್ಥೆಗೆ ಧರ್ಮಕೇಂದ್ರಗಳ ಪುಸ್ತಕಗಳನ್ನು ನಕಲು ಮಾಡಲು ಕೊಡಬಾರದೆಂದು 2008ರ ಏಪ್ರಿಲ್‌ನಲ್ಲಿ ವ್ಯಾಟಿಕನ್ನಿನ ಗುರುವರ್ಗದ ಪೀಠವು ಎಲ್ಲ ಧರ್ಮಾಧ್ಯಕ್ಷರಿಗೆ ತಿಳಿಸಿತು. ಮಾರ್ಮನ್ನರು ಮೃತರ ಹೆಸರಿನಲ್ಲಿ ಸ್ನಾನ ಮಾಡಿಸುವ ಪದ್ಧತಿಯೇ ಅದಕ್ಕೆ ಕಾರಣ. ಆಜ್ಞೆ ಸರಿಯಾದುದೇ. ಆದರೆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಾಕ್ಷಣ ವಿಧೇಯತೆ ಪೂರ್ಣವಾಗುವುದಿಲ್ಲ. ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದು ಅದೇ ಸಂಹಿತೆಯ 535ನೆಯ ವಿಧಿ ಹೇಳುತ್ತದೆ. ಗೆದ್ದಲು ಯಾವ ಸುತ್ತೋಲೆಯನ್ನೂ ಓದುವುದಿಲ್ಲ. ಕರಾವಳಿಯ ಮಳೆಗಾಲದ ತೇವ, ಕಾಗದವನ್ನು ತಿನ್ನುವ ಹಳೆಯ ಕಬ್ಬಿಣದ ಶಾಯಿ ಇವೆರಡೂ ಸೇರಿದರೆ ಉಳಿಯುವುದೇನು?

ಆದುದರಿಂದ ಅವರ ವಿದ್ಯೆಯನ್ನು ನಾವೂ ಕಲಿಯೋಣ, ಪುಸ್ತಕಗಳು ನಮ್ಮಲ್ಲಿಯೇ ಇರಲಿ. ಬರುವ ಮೇ ತಿಂಗಳ ರಜೆಯಲ್ಲಿ ಒಂದು ವಾರದ ಶಿಬಿರವೊಂದನ್ನು ಧರ್ಮಪ್ರಾಂತ್ಯದ ಮಟ್ಟದಲ್ಲಿ ಏಕೆ ನಡೆಸಬಾರದು? ಇಪ್ಪತ್ತು ಮಂದಿ ಸಾಕು: ಧರ್ಮಕೇಂದ್ರಗಳ ಗುಮಾಸ್ತರು, ಇತಿಹಾಸ ಓದುವ ಯುವಕ ಯುವತಿಯರು, ಒಬ್ಬಿಬ್ಬರು ಕಿರಿಯ ಗುರುಗಳು. ಪುಟಗಳ ಚಿತ್ರ ತೆಗೆಯುವುದು ಇಂದಿನ ಯುವಜನರಿಗೆ ಕಲಿಸಬೇಕಾದ ವಿದ್ಯೆಯಲ್ಲ; ಚಿತ್ರದಲ್ಲಿರುವುದನ್ನು ಓದುವುದು ಕಲಿಸಬೇಕಾದುದು. ಲತೀನ್ ದಾಖಲೆಯ ವಿಭಕ್ತಿಗಳನ್ನು ಅರಿಯದವನು ಮಗನನ್ನು ತಂದೆಯೆಂದೂ ತಂದೆಯನ್ನು ಜ್ಞಾನತಂದೆಯೆಂದೂ ಬರೆದುಕೊಳ್ಳುತ್ತಾನೆ. ಆ ಭಾಷೆಯನ್ನು ಸರಾಗವಾಗಿ ಓದಬಲ್ಲ ಹಿರಿಯ ಗುರುಗಳು ನಮ್ಮ ನಿವೃತ್ತರ ನಿಲಯಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಅಧ್ಯಾಪಕರಾಗಿ ಆಮಂತ್ರಿಸುವ ಪತ್ರ ಈ ತಿಂಗಳೇ ಹೊರಡಲಿ.