ತೆರೆ ಬೇರೆ, ಸೆಳೆತ ಬೇರೆ

ಮಳೆಗಾಲ ಬಂತೆಂದರೆ ಮುಂಬಯಿಯ ಜನತೆಗೆ ಕಡಲ ತೆರೆಗಳನ್ನು ನೋಡುವ ಹುಚ್ಚು ಹಿಡಿಯುತ್ತದೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡಲು ಹೋದವರು ನೀರಿಗಿಳಿದು ಮರಳಿ ಬಾರದ ವರ್ತಮಾನವನ್ನು ಅಚ್ಚು ಹಾಕುವ ಸಂಕಟ ಪತ್ರಿಕೆಗಳಿಗೆ ತಪ್ಪಿಲ್ಲ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತವು ಇನ್ನೂ ನೂರಾರು ಕಿಲೋಮೀಟರು ದೂರದಲ್ಲಿದ್ದಾಗಲೇ ಜುಹೂ ಕಡಲಿನಲ್ಲಿ ಬಾಲಕರು ಮುಳುಗಿ ಸತ್ತರು. 2024ರ ಡಿಸೆಂಬರಿನಲ್ಲಿ, ಮಳೆಗಾಲವೇ ಅಲ್ಲದ ದಿನಗಳಲ್ಲಿ, ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಸಮುದ್ರದ ಪಾಲಾದರು. ಇಂತಹ ಸಂದರ್ಭಗಳಲ್ಲಿ ಜನರ ಬಾಯಲ್ಲಿ ಬರುವುದು, ತೆರೆ ಎಳೆದುಕೊಂಡು ಹೋಯಿತು ಎಂಬ ಮಾತು. ಈ ಮಾತಿನಲ್ಲಿಯೇ ಅಪಾಯವು ಅಡಗಿದೆಯೆಂದು ನಾವು ಭಾವಿಸುತ್ತೇವೆ.

ನಡುಗಡಲಿನ ತೆರೆಯು ನೀರನ್ನು ಹೊತ್ತು ತರುವುದಿಲ್ಲ. ಗಾಳಿ ಬೀಸಿದಾಗ ಗದ್ದೆಯ ಈ ಅಂಚಿನಿಂದ ಆ ಅಂಚಿನವರೆಗೆ ಪೈರಿನ ಮೇಲೆ ಅಲೆ ಓಡುವುದನ್ನು ಊರಿನಲ್ಲಿ ಕಾಣದವರಾರು? ಅಲೆ ಓಡಿತು, ಪೈರು ನಿಂತಲ್ಲೇ ನಿಂತಿತು. ಕಡಲಿನಲ್ಲಿಯೂ ಹಾಗೆಯೇ. ಹನ್ನೆರಡು ಸೆಕೆಂಡಿಗೊಂದರಂತೆ ಬರುವ ತೆರೆಯು ಆಳವಾದ ನೀರಿನಲ್ಲಿ ಗಂಟೆಗೆ ಸುಮಾರು 67 ಕಿಲೋಮೀಟರು ವೇಗದಿಂದ ಧಾವಿಸುತ್ತದೆ. ಅದರ ಎತ್ತರ ಒಂದು ಮೀಟರಾದರೆ, ಮೇಲ್ಮೈಯ ನೀರಿನ ಕಣವು ಒಂದು ಮೀಟರು ಅಗಲದ ವೃತ್ತದಲ್ಲಿ, ಸೆಕೆಂಡಿಗೆ ಕಾಲು ಮೀಟರಿನಷ್ಟು ಚಲಿಸಿ, ಹೊರಟಲ್ಲಿಗೇ ಬಂದು ಸೇರುತ್ತದೆ. ಪೂರ್ತಿ ಹೊರಟಲ್ಲಿಗೇ ಅಲ್ಲ, ಕೊಂಚ ಮುಂದಕ್ಕೆ ಜಾರುವುದುಂಟೆಂದು ಗಣಿತಜ್ಞ ಸ್ಟೋಕ್ಸ್ 1847ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಕೆಳಗಿಳಿದಂತೆ ಈ ವೃತ್ತಗಳು ಕಿರಿದಾಗುತ್ತ, ನೂರು ಮೀಟರು ದಾಟಿದ ಮೇಲೆ ಇಲ್ಲವೆನ್ನುವಷ್ಟಾಗುತ್ತವೆ.

ಪ್ರವಾಹದ ರೀತಿಯೇ ಬೇರೆ. ಅಲ್ಲಿ ನೀರೇ ಊರು ಬಿಟ್ಟು ಹೊರಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹವು ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುತ್ತದೆ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರು ಸಿಂಹಳವನ್ನು ಬಳಸಿಕೊಂಡು ಈ ದಾರಿಯಲ್ಲಿಯೇ ಉತ್ತರಕ್ಕೆ ಬರುತ್ತದೆ. (ಮಂಗಳೂರಿನಿಂದ ಮುಂಬಯಿಗೆ ಬಂದವರು ನಾವು ಮಾತ್ರವೇ ಅಲ್ಲ!)

ಪ್ರಾಣಕ್ಕೆ ಎರವಾಗುವುದು ದಡದ ಬಳಿಯ ಸಣ್ಣ ಪ್ರವಾಹ. ನೀರು ಆಳ ಕಡಿಮೆಯಾದಲ್ಲಿ ತೆರೆಯು ಒಡೆಯುತ್ತದೆ. ಆಗ ಮಾತ್ರ ನೀರು ನಿಜವಾಗಿ ದಡಕ್ಕೆ ಎರಚಲ್ಪಡುತ್ತದೆ. ಹಾಗೆ ಗುಡ್ಡೆಯಾದ ನೀರು ಮರಳಿ ಹೋಗಲೇಬೇಕಷ್ಟೆ. ಮರಳದಿಣ್ಣೆಗಳ ನಡುವೆ ಇಕ್ಕಟ್ಟಾದ ಕಾಲುವೆಯೊಂದನ್ನು ಹಿಡಿದು ಅದು ಕಡಲಿಗೆ ನುಗ್ಗುತ್ತದೆ. ಬಿರುಸಾದಾಗ ಇದರ ವೇಗ ಸೆಕೆಂಡಿಗೆ ಎರಡು ಮೀಟರು. ನುರಿತ ಈಜುಗಾರನೂ ಇದಕ್ಕೆ ಎದುರಾಗಿ ಬಹಳ ಹೊತ್ತು ಈಜಲಾರನು. ಆಳವಾದ ಆ ಜಾಗದಲ್ಲಿ ತೆರೆ ಹೆಚ್ಚು ಒಡೆಯದ್ದರಿಂದ ನೊರೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ತಿಳಿಯದವರು ಸ್ನಾನಕ್ಕೆ ಆರಿಸುವುದು ಅದನ್ನೇ.

ಈ ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ದಡದ ಕಡೆಗೆ ಹೋರಾಡಿ ಸುಸ್ತಾದವನು ಮುಳುಗುತ್ತಾನೆ. ಗಾಬರಿಗೊಳ್ಳದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಿದ್ದ ಮೇಲೆ ದಡಕ್ಕೆ ತಿರುಗಿದವನು ಬದುಕುವ ಸಂಭವ ಹೆಚ್ಚು. ಈಜಲಾಗದವನು ತೇಲುತ್ತ ಕೈಯೆತ್ತಿ ಸಹಾಯ ಬೇಡಬೇಕು.

ಕಡಲ ಮಕ್ಕಳಾದ ಮೊಗವೀರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹಾಸನ, ಮಂಡ್ಯಗಳ ಕಡೆಯಿಂದ ಬಂದ ನಮ್ಮ ಹೋಟೆಲುಗಳ ಹುಡುಗರಿಗೆ, ವಾರದ ರಜೆಗೆ ಜುಹೂವಿಗೆ ಓಡುವವರಿಗೆ, ಯಾರು ಹೇಳಿದ್ದಾರೆ? ಕಡಲತೀರದ ಫಲಕದಲ್ಲಿ ಅಪಾಯವೆಂದು ಬರೆದು ಕೈತೊಳೆದುಕೊಂಡರೆ ಸಾಲದು. ಸೆಳೆತದ ಕಾಲುವೆ, ತಪ್ಪಿಸಿಕೊಳ್ಳುವ ದಿಕ್ಕು, ಇವನ್ನು ಓದುಬಾರದವನಿಗೂ ತಿಳಿಯುವಂತೆ ಚಿತ್ರದಲ್ಲಿ ಬರೆಯಿಸಬೇಕು. ನಗರಪಾಲಿಕೆಯವರು ಅದನ್ನು ಮಾಡುವವರೆಗೆ ನಮ್ಮ ಸಂಘಸಂಸ್ಥೆಗಳು ಸುಮ್ಮನಿರಬೇಕಾಗಿಲ್ಲ. ವಿಹಾರಕೂಟಕ್ಕೆ ಬಸ್ಸು ಗೊತ್ತುಪಡಿಸುವ ಕಾರ್ಯದರ್ಶಿಗಳು, ಊಟದ ಪಟ್ಟಿಯೊಡನೆ ಈ ಚಿತ್ರವನ್ನೂ ಒಂದೊಂದು ಪ್ರತಿ ಹಂಚಲಿ. ಹೋಟೆಲು ಮಾಲಿಕರು ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಲಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಆಗಬೇಕಾದ ಕೆಲಸವಿದು.