ಮೊದಲು ಉತ್ತರದ ಗೆರೆ, ಆಮೇಲೆ ಸೂತ್ರ

ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಜಿಸಿಎಸ್‌ಇ ಗಣಿತದ ಹೊಣೆಯನ್ನು ಹೆತ್ತವರು ತಾವಾಗಿಯೇ ಹೊತ್ತುಕೊಳ್ಳುತ್ತಾರೆ. ಊರಿನಲ್ಲಿ ಎಂಜಿನಿಯರಿಂಗ್ ಓದಿ ಬಂದವರೆಂಬ ಹೆಮ್ಮೆ ನಮ್ಮದು. ನನ್ನ ಹೆಮ್ಮೆಯನ್ನು ಕಳೆದ ತಿಂಗಳು ಮಗಳು ಇಳಿಸಿದಳು.

ಬಂದರಿನಿಂದ ಹೊರಟ ಹಡಗು 050 ಡಿಗ್ರಿ ಬೇರಿಂಗಿನಲ್ಲಿ 7 ಕಿ.ಮೀ., ಅನಂತರ 110 ಡಿಗ್ರಿ ಬೇರಿಂಗಿನಲ್ಲಿ 8 ಕಿ.ಮೀ. ಸಾಗಿತು, ಈಗ ಬಂದರಿಗೆ ಎಷ್ಟು ದೂರ? ಬೇರಿಂಗ್ ಎಂದರೆ ಉತ್ತರದಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಅಳೆದ ಕೋನ. ಮೂರು ಅಂಕಿಗಳಲ್ಲಿ ಬರೆಯುವುದು ಇಲ್ಲಿಯ ಕಟ್ಟಳೆ. ನಾನು 110ರಲ್ಲಿ 50 ಕಳೆದು, 60 ಡಿಗ್ರಿಯನ್ನು ಕೊಸೈನ್ ಸೂತ್ರಕ್ಕೆ ಹಾಕಿ, 7.55 ಕಿ.ಮೀ. ಎಂದು ಘೋಷಿಸಿದೆ.

‘ಅಪ್ಪಾ, ಹಡಗು ವಾಪಸ್ ತಿರುಗಿತಾ?’ ಎಂದಳು.

ಹಡಗು ತಿರುಗಿದ ಬಿಂದುವಿನಲ್ಲಿ ಅವಳು ಇನ್ನೊಂದು ಉತ್ತರದ ಗೆರೆ ಎಳೆದಳು. ಅಲ್ಲಿಂದ ಬಂದರಿನ ಬೇರಿಂಗ್ 230. ಅದರಲ್ಲಿ 110 ಕಳೆದರೆ ತ್ರಿಕೋನದ ಒಳಗಿನ ಕೋನ 120. ನನ್ನ 60 ಹಡಗು ಬಾಗಿದ ಅಳತೆ ಮಾತ್ರ. 49, 64, 56 ಕೂಡಿದರೆ 169. ದೂರ 13 ಕಿ.ಮೀ. ಸೈನ್ ನಿಯಮದಿಂದ ಬಂದರಿನ ಬಳಿಯ ಕೋನ ಸುಮಾರು 32. ಹಾಗಾಗಿ ಬಂದರಿನಿಂದ ಹಡಗು 082ರಲ್ಲಿದೆ, ಹಿಂದಿರುಗುವ ದಾರಿ 262.

ನನ್ನ ಸೂತ್ರ ಸರಿಯಿತ್ತು, ಗುಣಾಕಾರವೂ ಸರಿಯಿತ್ತು. ಚಿತ್ರವಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನಾವು ಕಲಿತ ತ್ರಿಕೋನಮಿತಿ ಕಂಬದ ಎತ್ತರ, ದೀಪಸ್ತಂಭದ ನೆರಳು, ಎಲ್ಲವೂ ಲಂಬಕೋನ. ಉತ್ತರ ಯಾವ ಕಡೆಯೆಂದು ಆ ಲೆಕ್ಕಗಳು ಕೇಳುತ್ತಿರಲಿಲ್ಲ. ಇಲ್ಲಿ 2022ರಿಂದ ಸೂತ್ರಗಳ ಹಾಳೆಯನ್ನು ಪರೀಕ್ಷೆಯಲ್ಲೇ ಕೊಡುತ್ತಾರೆ. ಆದರೂ ನಾವು ಶನಿವಾರದ ಟ್ಯೂಷನ್ನಿಗೆ ಹಣ ತೆತ್ತು ಮಕ್ಕಳಿಗೆ ಸೂತ್ರವನ್ನೇ ಉರುಹಚ್ಚಿಸುತ್ತೇವೆ. ಕೋನಮಾಪಕ ಹಿಡಿದು ಹತ್ತು ನಿಮಿಷ ಚಿತ್ರ ಬರೆದರೆ ಕಾಲಹರಣವೆಂದು ಗದರುತ್ತೇವೆ. ಇದು ತಪ್ಪು. (ಸಂಸ್ಕೃತದ ‘ಜೀವಾ’ ಅರಬಿ, ಲ್ಯಾಟಿನ್‌ಗಳನ್ನು ಹಾದು ‘ಸೈನ್’ ಆಯಿತೆಂದು ಸಂಘದ ಸಮಾರಂಭದಲ್ಲಿ ಬೀಗಿದವನು ನಾನೇ. ಆ ಹಡಗಿಗೆ ಅದರಿಂದ ಏನೂ ಒದಗಲಿಲ್ಲ.)

ಮೊಬೈಲು ದಾರಿ ತೋರುವಾಗ ಇದೆಲ್ಲ ಏಕೆಂದು ಗೆಳೆಯರು ಕೇಳುತ್ತಾರೆ. ಮೊಬೈಲು ತಪ್ಪಿದಾಗ ಅದನ್ನು ಗುರುತಿಸುವವರು ಬೇಡವೇ? 7.55 ಎಂಬ ಅಂಕಿಯನ್ನು ಕ್ಯಾಲ್ಕುಲೇಟರ್ ಯಾವ ಅಳುಕೂ ಇಲ್ಲದೆ ತೋರಿಸಿತ್ತು.

ಮೊನ್ನೆ ಮಗಳು ಬೆಂಗಳೂರಿನ ಬೇರಿಂಗ್ ಕೇಳಿದಳು. ಆಗ್ನೇಯ, 120ರ ಸುಮಾರು ಇರಬಹುದೆಂದೆ. ಅವಳು ಗ್ಲೋಬಿನ ಮೇಲೆ ದಾರ ಬಿಗಿದಳು. ಲಂಡನ್ನಿನಿಂದ ದಾರ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, 091ರ ಆಸುಪಾಸಿನಲ್ಲಿ ಹೊರಟು, ಮುಂದೆ ಹೋಗುತ್ತ ದಕ್ಷಿಣಕ್ಕೆ ಬಾಗಿತು. ಹಾಳೆಯ ತ್ರಿಕೋನ ಗೋಳದ ಮೇಲೆ ನಡೆಯದು; ಆ ಲೆಕ್ಕವನ್ನು ಈಗ ನಾನು ಅವಳೊಡನೆ ಕಲಿಯುತ್ತಿದ್ದೇನೆ.